ಎಂಟು ಕಂಬ ಹೊತ್ತ ಬಾಲದ ಬಂಡಿ

ಸಿದ್ದಪ್ಪ ಅಳಿಯನ ಜೊತೆ ಮಾತು ಬಿಟ್ಟು ನಾಲ್ಕೈದು ವರ್ಷವಾಗಿತ್ತು. ಕಾರಣ ಒಂದು ಜೋಡಿ ಎತ್ತು. ಕರುಗಳಾಗಿದ್ದಾಗಿನಿಂದ ತಾನೇ ಸಾಕಿ, ನೊಗಕ್ಕೆ ಪಳಗಿಸಿದ ಆ ಜೋಡಿಯನ್ನು ಅವನು ಮಗಳು ಸೊಣ್ಣಮ್ಮನ ಮದುವೆಯಲ್ಲಿ ಅಳಿಯ ಎಲ್ಲಪ್ಪನಿಗೆ ಕೊಟ್ಟಿದ್ದ. ಎಲ್ಲಪ್ಪ ಎರಡು ವರ್ಷ ಬೆಳೆ ತೆಗೆದ. ಮೂರನೆಯ ವರ್ಷ ಎತ್ತು ಮಾರಿ, ಕಾವೇರಿಗೆ ಅಣೆ ಕಟ್ಟುತ್ತಿದ್ದ ಮೆಟ್ಟೂರಿಗೆ ಹೋಗಿ ಲಾರಿ ಓಡಿಸುವುದನ್ನು ಕಲಿತ. ಮಾವನನ್ನು ಒಂದು ಮಾತು ಕೇಳಲಿಲ್ಲ. ಸಿದ್ದಪ್ಪನೂ ಜಗಳವಾಡಲಿಲ್ಲ. ಮಗಳ ಮನೆಗೆ ಬಂದರೆ ಮಗಳ ಜೊತೆ ಮಾತಾಡಿ, ಅವಳು ಬಡಿಸಿದ್ದನ್ನು ಉಂಡು, ಅಳಿಯ ಎದುರಿಗೇ ಕೂತಿದ್ದರೂ ಕಾಣದವನ ಹಾಗೆ ಎದ್ದು ಹೋಗುತ್ತಿದ್ದ.

ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಎಲ್ಲಪ್ಪ ಧರ್ಮಪುರಿಯ ಸುಬ್ಬರಾಯಪ್ಪನವರ ಲಾರಿಗೆ ಡ್ರೈವರಾದ. ಲಾರಿ ಚಿಕ್ಕದು. ಅಣೆಕಟ್ಟಿನ ಹಳೆಯ ಸಾಮಾನು ಹರಾಜಾದಾಗ ಸುಬ್ಬರಾಯಪ್ಪನವರು ಅದರ ಹಿಂದೆ ಕಟ್ಟಲು ಒಂದು ಟ್ರೈಲರನ್ನೂ ಕೂಗಿ ತಂದಿದ್ದರು. ಎರಡು ಚಕ್ರ, ಉದ್ದನೆಯ ಹಲಗೆ, ಮುಂದಕ್ಕೆ ಚಾಚಿದ ಕಬ್ಬಿಣದ ಮೂಕಿ. ಮೂಕಿಯ ತುದಿಯ ಬಳೆಯನ್ನು ಲಾರಿಯ ಹಿಂದಿನ ಕೊಂಡಿಗೆ ಸೇರಿಸಿ ದಪ್ಪ ಪಿನ್ನು ಇಳಿಸಬೇಕು. ಪಿನ್ನು ಹೋದರೂ ಬಂಡಿ ಹೋಗದಿರಲೆಂದು ಎರಡು ಸರಪಳಿ ಬಿಗಿಯಬೇಕು. ಊರಿನವರು ಅದನ್ನು ಬಾಲದ ಬಂಡಿ ಎನ್ನುತ್ತಿದ್ದರು.

ಲಾರಿಯ ಬ್ರೇಕು ಬಾಲದ ಬಂಡಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೆ ಅದರದ್ದೇ ಬ್ರೇಕು. ಒಂದು ಹಿಡಿಯನ್ನು ತಿರುಗಿಸಿದರೆ ಮರದ ತುಂಡುಗಳು ಬಂದು ಎರಡು ಚಕ್ರಗಳನ್ನೂ ಒತ್ತುತ್ತಿದ್ದವು. ತಿರುಗಿಸಲು ಬಂಡಿಯ ಮುಂದಿನ ಮೂಲೆಯಲ್ಲಿ ಒಬ್ಬ ಕೂರಬೇಕಾಗಿತ್ತು. ಇಂಜಿನ್ನಿನ ಸದ್ದಿನಲ್ಲಿ ಅವನು ಕೂಗಿದರೆ ಡ್ರೈವರನಿಗೆ ಕೇಳುವುದಿಲ್ಲವಾದ್ದರಿಂದ, ಅವನ ಕೈಯಿಂದ ಲಾರಿಯ ಒಳಕ್ಕೆ ಒಂದು ಹಗ್ಗ, ಹಗ್ಗದ ಕೊನೆಗೆ ಒಂದು ಗಂಟೆ.

ಆ ಜಾಗದಲ್ಲಿ ಯಾವಾಗಲೂ ಕೂರುತ್ತಿದ್ದ ನಂಜಪ್ಪ ಚಳಿಜ್ವರ ಬಂದು ಮಲಗಿದ. ಮಾರನೆಯ ದಿನವೇ ಸೇಲಂಗೆ ಕಲ್ಲುಕಂಬ ಸಾಗಿಸಬೇಕಾಗಿತ್ತು. ಸೊಣ್ಣಮ್ಮ ಗಂಡನಿಗೆ ಹೇಳದೆ ತವರಿಗೆ ಹೋಗಿ ಅಪ್ಪನನ್ನು ಒಪ್ಪಿಸಿಕೊಂಡು ಬಂದಳು. ತೊಪ್ಪೂರು ಘಾಟಿಯಲ್ಲಿ ವರ್ಷಗಟ್ಟಲೆ ಹುಣಸೆಹಣ್ಣಿನ ಗಾಡಿ ಇಳಿಸಿದವನು ಸಿದ್ದಪ್ಪ.

"ಅವನ ಕೂಟೆ ಮಾತಾಡು ಅಂತ ಮಾತ್ರ ಏಳ್ಬೇಡ ತಾಯಿ," ಎಂದ ಅವನು.

"ಬ್ರೇಕು ತಿರುಗ್ಸೋಕೆ ಬಾಯಿ ಯಾಕೆ? ಕೈ ಇದ್ರೆ ಸಾಕು," ಎಂದಳು ಸೊಣ್ಣಮ್ಮ.

ಕಂಬಗಳು ಸೇಲಂನ ನೇಕಾರರ ಬೀದಿಗೆ ಸೇರಬೇಕಾದವು. ಅಲ್ಲಿನ ಕನ್ನಡದ ನೇಕಾರರು ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಬೀದಿಯ ಉದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಮಳೆ ಬಂದರೆ ಅಷ್ಟೂ ನೂಲು ಕೆಡುತ್ತಿತ್ತು. ಅದಕ್ಕೊಂದು ಚಪ್ಪರ ಕಟ್ಟೋಣವೆಂದು ಎಲ್ಲ ಸೇರಿ ತೀರ್ಮಾನಿಸಿದಾಗ, ಧರ್ಮಪುರಿಯ ಹತ್ತಿರ ಕಲ್ಲುಬಂಡೆ ಒಡೆಸುತ್ತಿದ್ದ ಯಜಮಾನರೊಬ್ಬರು ಎಂಟು ಕಂಬಗಳನ್ನು ಧರ್ಮಕ್ಕೆ ಕೊಡುತ್ತೇನೆಂದರು. ಒಯ್ಯಲು ಬೀದಿಯ ಹಿರಿಯ ಮುತ್ತುಸ್ವಾಮಿ ಶೆಟ್ಟರು ತಾವೇ ಬಂದಿದ್ದರು.

ಬೆಳಿಗ್ಗೆ ಬಂಡೆಯ ಹತ್ತಿರ ಲೋಡು ಶುರುವಾಯಿತು. ಕೂಲಿಯವರು ಕಂಬಗಳನ್ನು ತಮಗೆ ಅನುಕೂಲವಾದ ಹಾಗೆ ಹಿಂದಿನಿಂದ ನೂಕಿ ಬಿಟ್ಟಿದ್ದರು. ಅರ್ಧ ಭಾರ ಬಂಡಿಯ ಬೆನ್ನಿನ ಕಡೆಗೇ ಬಿದ್ದಿತ್ತು. ಎಲ್ಲಪ್ಪ ಅದನ್ನು ನೋಡಿ, "ಇನ್ನೂ ಮುಂದಕ್ಕೆ ತಳ್ಳಿ" ಎಂದ. ಅವರು ಗೊಣಗಿದರು.

ಸಿದ್ದಪ್ಪ ಶೆಟ್ಟರ ಕಡೆ ತಿರುಗಿ, "ಹಿಂದಕ್ಕೆ ಭಾರ ಬಿದ್ರೆ ಮೂಕಿ ಮ್ಯಾಲಕ್ಕೆ ಏಳ್ತದೆ ಶೆಟ್ರೇ. ಗಾಡಿ ಆದ್ರೆ ಎತ್ತಿನ ಕೊರಳಿಗೆ ಉರುಳು. ಇದಾದ್ರೆ ಬಾಲ ಆಡಿಸ್ಕೊಂಡು ಓಯ್ತದೆ," ಎಂದ.

"ನಾನೂ ಅದನ್ನೇ ಏಳ್ತಾ ಇರೋದು ಶೆಟ್ರೇ," ಎಂದ ಎಲ್ಲಪ್ಪ, ಅವನೂ ಶೆಟ್ಟರನ್ನೇ ನೋಡುತ್ತ.

ಶೆಟ್ಟರು ಇಬ್ಬರ ಮುಖವನ್ನೂ ನೋಡಿ, ಏನೋ ಮನೆಯ ಸಂಗತಿ ಇರಬೇಕೆಂದುಕೊಂಡು, ಕೂಲಿಯವರಿಗೆ ಕೈಸನ್ನೆ ಮಾಡಿದರು. ಕಂಬಗಳು ಮುಂದಕ್ಕೆ ಸರಿದವು. ಲಾರಿ ಹಗುರವಾಗಿದ್ದರೆ ನೆಲ ಹಿಡಿಯುವುದಿಲ್ಲವೆಂದು ಎಲ್ಲಪ್ಪ ಅದರೊಳಕ್ಕೂ ಪಾಯದ ಕಲ್ಲು ತುಂಬಿಸಿದ. ಆರು ಕಂಬ ಏರಿದ ಮೇಲೆ ಸಾಕು ಎಂದು ಕೈ ಎತ್ತಿದ.

"ಎಂಟೂ ಒಂದೇ ಸಲ ಬಂದ್ಬಿಡ್ಲಪ್ಪ," ಎಂದರು ಶೆಟ್ಟರು. "ನಾಳೆ ಬೆಳಿಗ್ಗೆ ಕಂಬ ನಿಲ್ಸೋಕೆ ನಲ್ಲ ನೇರಂ, ಮುಹೂರ್ತ ನೋಡಿಟ್ಟವ್ರೆ. ಬೀದಿ ಪೂರಾ ಕಾಯ್ತಾ ಐತೆ."

"ಎಳೆಯೋದು ಕಷ್ಟ ಅಲ್ಲ ಶೆಟ್ರೇ, ಇಂಜಿನ್ನು ಎಳೀತದೆ. ನಿಲ್ಸೋದೇ ಕಷ್ಟ. ಲಾರಿಗಿಂತ ಬಂಡಿ ಭಾರ ಆದ್ರೆ ಇಳಿಜಾರಲ್ಲಿ ಅದು ನಮ್ಮನ್ನ ತಳ್ಕೊಂಡು ಓಯ್ತದೆ."

"ಎರಡು ಕಂಬಕ್ಕೆ ಏನಾಗ್ತದೆ? ಮೆದುವಾ, ನಿಧಾನಕ್ಕೆ ಓಗೋಣ."

ಎಲ್ಲಪ್ಪ ತಲೆ ಕೆರೆದುಕೊಂಡ. ಉಳಿದೆರಡೂ ಏರಿದವು.

ತೊಪ್ಪೂರಿನವರೆಗೆ ದಾರಿ ಸುಗಮವಾಗಿತ್ತು. ಎಲ್ಲಪ್ಪ ನಿಧಾನವಾಗಿಯೇ ಓಡಿಸಿದ. ತಿರುವುಗಳಲ್ಲಿ ಅಗಲವಾಗಿ ಸುತ್ತು ಹಾಕಿ, ಬಂಡಿಯ ಒಳಚಕ್ರ ಮೈಲಿಗಲ್ಲಿಗೆ ತಾಗದ ಹಾಗೆ ನೋಡಿಕೊಂಡ. ಘಾಟಿಯ ತಲೆಯಲ್ಲಿ ನಿಲ್ಲಿಸಿ, ಚಕ್ರಗಳು ಉರುಳದಂತೆ ಕಲ್ಲು ಕೊಟ್ಟು, ಪಿನ್ನು, ಸರಪಳಿ, ಕಂಬ ಕಟ್ಟಿದ ಹಗ್ಗ ಎಲ್ಲವನ್ನೂ ಮುಟ್ಟಿ ನೋಡಿದ. ಸಿದ್ದಪ್ಪ ಕೆಳಗಿಳಿದು ಇಳಿಜಾರನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ.

"ನಾಕು ಕಂಬ ಇಲ್ಲೇ ಇಳ್ಸಿ, ಎರಡು ಸಲ ಓಗೋಣ ಅನ್ನಿ ಶೆಟ್ರೇ," ಎಂದ.

ಎಲ್ಲಪ್ಪನಿಗೂ ಮನಸ್ಸಿನಲ್ಲಿ ಅದೇ ಇತ್ತು. ಶೆಟ್ಟರು ಹೇಳಿದ್ದರೆ, ದಾರಿಹೋಕ ಯಾರಾದರೂ ಹೇಳಿದ್ದರೆ ಅವನು ಇಳಿಸಿಬಿಡುತ್ತಿದ್ದ. ಆದರೆ ಎರಡು ಮಾರು ದೂರದಲ್ಲಿ ನಿಂತ ಮಾವ ತನ್ನ ಮುಖ ನೋಡದೆ ಇನ್ನೊಬ್ಬರ ಬಾಯಿಂದ ಹೇಳಿಸಲು ಹೊರಟದ್ದು ಅವನಿಗೆ ಚುಚ್ಚಿತು.

"ಏನೂ ಬೇಡ. ಹತ್ತಿ," ಎಂದ.

ಒಂದನೇ ಗೇರಿನಲ್ಲಿ ಲಾರಿ ಇಳಿಯತೊಡಗಿತು. ಕಡಿದಾದ ಕಡೆ ಸಿದ್ದಪ್ಪ ಹಿಡಿ ತಿರುಗಿಸಿ ಬಿಗಿ ಮಾಡುತ್ತಿದ್ದ, ಸಮ ಬಂದಾಗ ಸಡಿಲ ಬಿಡುತ್ತಿದ್ದ. ಎಲ್ಲಪ್ಪ ಕಾಲಿನ ಬ್ರೇಕನ್ನು ಒತ್ತಿ ಒತ್ತಿ ಬಿಡುತ್ತಿದ್ದ. ಒತ್ತಿಯೇ ಹಿಡಿದರೆ ಅದು ಕಾದು ಕೆಲಸಕ್ಕೆ ಬಾರದಂತಾಗುತ್ತದೆ. ಅರ್ಧ ಘಾಟಿ ಹೀಗೆಯೇ ಇಳಿದರು. ಲಾರಿಯೊಳಗೆ ಕೂತಿದ್ದ ಶೆಟ್ಟರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು, "ಪರವಾಯಿಲ್ಲೆ," ಎಂದರು.

ಅಲ್ಲಿ ರಸ್ತೆ ಒಂದಿಷ್ಟು ದೂರ ಸಮತಟ್ಟಾಗುತ್ತದೆ. ಇಂಜಿನ್ನು ಬಿಸಿಯೇರಿ ಹೊಗೆಯಾಡುತ್ತಿತ್ತು. ಒಂದು ಗಳಿಗೆ ಅದಕ್ಕೆ ಬಿಡುವು ಸಿಗಲೆಂದು ಎಲ್ಲಪ್ಪ ಎರಡನೇ ಗೇರು ಹಾಕಿದ. ಮುಂದಿನ ಇಳಿಜಾರು ಬರುವ ಮೊದಲು ಒಂದಕ್ಕೆ ತಂದರಾಯಿತು ಎಂದುಕೊಂಡಿದ್ದ. ಆದರೆ ಇಳಿಜಾರು ಅವನು ಎಣಿಸಿದ್ದಕ್ಕಿಂತ ಮೊದಲೇ ಬಂತು. ಹಿಂದಿನ ಭಾರ ಲಾರಿಯನ್ನು ನೂಕಿತು. ಒಂದನೇ ಗೇರಿಗೆ ಎಳೆದ. ಹಲ್ಲುಗಳು ಕರಕರ ಎಂದವೇ ಹೊರತು ಕೂಡಲಿಲ್ಲ. ಮತ್ತೆ ಎರಡಕ್ಕೆ ಹಾಕಲು ನೋಡಿದ, ಅದೂ ಕೂಡಲಿಲ್ಲ. ಈಗ ಲಾರಿ ಯಾವ ಗೇರಿನಲ್ಲೂ ಇರಲಿಲ್ಲ.

ಗಂಟೆ ಬಡಿದುಕೊಳ್ಳತೊಡಗಿತು. ನಿಲ್ಲದೆ ಬಡಿಯಿತು. ಆಮೇಲೆ ಒಮ್ಮೆಲೆ ನಿಂತಿತು. ಹಗ್ಗ ಬಿಟ್ಟು ಸಿದ್ದಪ್ಪ ಎರಡೂ ಕೈಯಲ್ಲಿ ಹಿಡಿಯನ್ನು ತಿರುಗಿಸುತ್ತಿದ್ದ. ಒಂದು ಚಕ್ರದ ಮರದ ತುಂಡು ಕಾದು ಸೀಳಿ ಉದುರಿತ್ತು. ಇನ್ನೊಂದರಿಂದ ನೀಲಿ ಹೊಗೆ ಏಳುತ್ತಿತ್ತು.

ಎಲ್ಲಪ್ಪನ ಕಾಲ ಕೆಳಗೆ ಬ್ರೇಕು ಹತ್ತಿಯ ಹಾಗೆ ಮೆತ್ತಗಾಯಿತು. ಎದುರಿನ ತಿರುವಿನಲ್ಲಿ ಉಪ್ಪಿನ ಮೂಟೆ ಹೇರಿದ ಎತ್ತಿನ ಗಾಡಿಗಳ ಸಾಲು ಮೇಲೆ ಬರುತ್ತಿತ್ತು. ಬಲಕ್ಕೆ ಕಮರಿ, ಎಡಕ್ಕೆ ಗುಡ್ಡ, ಗುಡ್ಡದ ಬುಡದಲ್ಲಿ ನೀರು ಹರಿಯುವ ಕಾಲುವೆ. ಅವನು ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೆ ಕೊಟ್ಟ. ಒಮ್ಮೆಗೇ ಎಳೆದರೆ ಹಿಂದಿನ ಬಂಡಿ ಸುತ್ತಿಕೊಂಡು ಲಾರಿಯನ್ನೂ ಕಮರಿಗೆ ಎಳೆಯುತ್ತದೆಂದು ಅವನಿಗೆ ಗೊತ್ತಿತ್ತು. ಎಡಚಕ್ರಗಳು ಕಾಲುವೆಗೆ ಇಳಿದವು. ಲಾರಿಯ ಮೈ ಗುಡ್ಡದ ಮಣ್ಣನ್ನು ಕೆರೆದುಕೊಂಡು ಸಾಗಿತು. ಹಿಂದೆ ಪಿನ್ನು ತುಂಡಾದ ಸದ್ದು ಕೇಳಿಸಿತು. ಸರಪಳಿಗಳು ಬಿಗಿದು ಲಾರಿಯನ್ನು ಜಗ್ಗಿದವು. ಎಲ್ಲವೂ ನಿಂತಿತು.

ಮೊದಲ ಗಾಡಿಯ ಎತ್ತುಗಳು ಬೆದರಿ, ಲಾರಿಯ ಮೂತಿಯ ಎದುರಿಗೇ ನಿಂತಿದ್ದವು.

ಎಲ್ಲಪ್ಪ ಇಳಿದು ಹಿಂದಕ್ಕೆ ಓಡಿದ. ಬಾಲದ ಬಂಡಿ ಓರೆಯಾಗಿ ಗುಡ್ಡಕ್ಕೆ ಒರಗಿತ್ತು. ಸಿದ್ದಪ್ಪ ಇನ್ನೂ ಅದೇ ಮೂಲೆಯಲ್ಲಿ, ಎರಡೂ ಕೈಯಲ್ಲಿ ಹಿಡಿಯನ್ನು ಅವುಚಿಕೊಂಡು ಕೂತಿದ್ದ. ಬಲಗೈಯ ಅಂಗೈ ತೊಗಲು ಸುಲಿದು ರಕ್ತ ತೊಟ್ಟಿಕ್ಕುತ್ತಿತ್ತು.

"ಮಾವ!"

ಸಿದ್ದಪ್ಪ ಅವನ ಮುಖವನ್ನು ನೋಡಿದ. "ಕಂಬ ಏನಾದ್ರೂ ಒಡೀತೇನ್ಲಾ?" ಎಂದ.

ಎಲ್ಲಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಒಡೆದ್ರೆ ಒಡೀಲಿ. ನೀವು ಯಾಕೆ ಹಾರ್ಕೊಳ್ಳಿಲ್ಲ? ಕಾಲುವೆ ಕಡೆ ಹಾರಿದ್ರೆ ಆಗ್ತಿರ್ಲಿಲ್ವಾ?"

"ಕಾಲು ಜೋಮು ಹಿಡ್ಕೊಂಡಿತ್ತು."

ಹಾಗೆಂದವನು ಸರಾಗವಾಗಿ ಕೆಳಗಿಳಿದು, ಎರಡೂ ಕಾಲಿನಲ್ಲಿ ನೆಟ್ಟಗೆ ನಡೆದು ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟ. ಎಲ್ಲಪ್ಪ ರಸ್ತೆಯ ಅಂಚಿನಲ್ಲಿ ಕುಕ್ಕರಿಸಿದ.

ಶೆಟ್ಟರ ಹಣೆ ಗಾಜಿಗೆ ಬಡಿದು ಬುಗುಟೆ ಎದ್ದಿತ್ತು. ಅವರು ಇಳಿದು ಬಂದು ಕಮರಿಯನ್ನೊಮ್ಮೆ, ಕಂಬಗಳನ್ನೊಮ್ಮೆ ನೋಡಿದರು.

"ಬೀದಿಗೆಲ್ಲ ಎಂಟೂ ಬರ್ತವೆ ಅಂತ ಸೊಲ್ಲಿಬಿಟ್ಟಿದ್ದೆ," ಎಂದರು. "ಎಲ್ರ ಮುಂದೆ ಒಟ್ಟಿಗೆ ತಂದಿಳಿಸ್ಬೇಕು ಅಂತ ಆಸೆ. ಬೇಡಪ್ಪ. ನಾಕು ಇಳ್ಸು."

"ಶೆಟ್ರೇ, ನಿಮ್ಮದೇನೂ ತಪ್ಪಿಲ್ಲ," ಎಂದ ಎಲ್ಲಪ್ಪ. "ಗಾಡಿ ನನ್ನ ಕೈಯಲ್ಲಿತ್ತು. ಮಾವ ಏಳಿದ್ದು ನನಗೆ ಕೇಳಿಸಿತ್ತು."

ಉಪ್ಪಿನ ಗಾಡಿಯವರು ಬೈದುಕೊಂಡೇ ಬಂದು ಭುಜ ಕೊಟ್ಟರು. ನಾಲ್ಕು ಕಂಬ ಗುಡ್ಡದ ಬದಿಗೆ ಇಳಿದವು. ರಾತ್ರಿ ಯಾರಾದರೂ ಒಯ್ದಾರೆಯೇ ಎಂದು ಶೆಟ್ಟರು ಕೇಳಿದಾಗ, ಒಬ್ಬ ಗಾಡಿಯವನು, "ಇದನ್ನ ಹೊತ್ಕೊಂಡು ಓಡೋನು ಇದ್ರೆ ಅವನಿಗೇ ಕೊಟ್ಬಿಡಿ," ಎಂದ. ಎತ್ತುಗಳನ್ನು ಕಟ್ಟಿ ಲಾರಿಯನ್ನು ಕಾಲುವೆಯಿಂದ ಎಳೆಸಿದರು. ಬದಲಿ ಪಿನ್ನು ಎಲ್ಲಪ್ಪನ ಹತ್ತಿರ ಇತ್ತು. ಬ್ರೇಕಿಗೆ ಮರ ಬೇಕಾಗಿತ್ತು. ಗಾಡಿಯವರೊಬ್ಬರು ಜಾಲಿಮರದ ತುಂಡನ್ನೂ ಅದನ್ನು ಕೆತ್ತಲು ಬಾಚಿಯನ್ನೂ ಕೊಟ್ಟು ಹೋದರು.

ಸಿದ್ದಪ್ಪ ಬಲಗೈಗೆ ಬಟ್ಟೆ ಸುತ್ತಿಕೊಂಡು ಮರವನ್ನು ಹಿಡಿದ. ಎಲ್ಲಪ್ಪ ಕೆತ್ತಿದ. ಲಾರಿಯ ಬ್ರೇಕು ತಣ್ಣಗಾಗಲು ಹೇಗೂ ಕಾಯಬೇಕಾಗಿತ್ತು.

"ಆ ಎತ್ತು ಯಾರಿಗೆ ಕೊಟ್ಟೆ?" ಎಂದ ಸಿದ್ದಪ್ಪ.

ಬಾಚಿ ನಿಂತಿತು. "ಓಮಲೂರಿನ ಕಡೆ ಒಬ್ರು ರೈತರಿಗೆ. ಬಿಳೀದು ಇನ್ನೂ ಉಳ್ತಾ ಐತೆ ಮಾವ. ಈ ದಾರೀಲಿ ಓಗುವಾಗ ನೋಡ್ತೀನಿ. ಕೆಂದು ಓದ ವರ್ಷ ಸತ್ತೋಯ್ತು."

"ಏನಾಗಿ?"

"ಕಾಲುಬಾಯಿ ಜ್ವರ ಅಂದ್ರು."

ಸಿದ್ದಪ್ಪ ಮರದ ತುಂಡನ್ನು ತಿರುಗಿಸಿ ಇನ್ನೊಂದು ಮಗ್ಗುಲನ್ನು ಒಡ್ಡಿದ.

"ನಿಮ್ಮನ್ನ ಕೇಳ್ಬೇಕಾಗಿತ್ತು ನಾನು," ಎಂದ ಎಲ್ಲಪ್ಪ.

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

"ಗೊತ್ತು," ಎಂದ ಸಿದ್ದಪ್ಪ. "ಈ ಕಡೆ ಇನ್ನೊಂಚೂರು ಕೆತ್ತು. ಚಕ್ರಕ್ಕೆ ಪೂರಾ ಕೂರ್ಬೇಕು."

ಬಿಸಿಲು ಇಳಿಯುವ ಹೊತ್ತಿಗೆ ನಾಲ್ಕು ಕಂಬದೊಂದಿಗೆ ಹೊರಟರು. ಘಾಟಿಯ ಕೊನೆಯವರೆಗೂ ಎಲ್ಲಪ್ಪ ಒಂದನೇ ಗೇರು ಬಿಡಲಿಲ್ಲ. ಇಂಜಿನ್ನು ಬಿಸಿಯಾದರೆ ಸಮತಟ್ಟಾದ ಕಡೆ ನಿಲ್ಲಿಸಿ, ಕಲ್ಲು ಕೊಟ್ಟು, ತಣ್ಣಗಾದ ಮೇಲೆಯೇ ಹೊರಟ. ದೀಪ ಹಚ್ಚುವ ಹೊತ್ತು ಕಳೆದು ಸೇಲಂನ ನೇಕಾರರ ಬೀದಿ ಮುಟ್ಟಿದರು. ಶೆಟ್ಟರ ಹೆಂಡತಿ ಕುಪ್ಪಮ್ಮ ಗಂಡನ ಹಣೆಯ ಬುಗುಟೆ ನೋಡಿ ಗಾಬರಿಯಾದಳು. ಸಿದ್ದಪ್ಪನ ಅಂಗೈ ನೋಡಿದ ಮೇಲೆ ಗಂಡನನ್ನು ಮರೆತು, ಎಣ್ಣೆ ಕಾಯಿಸಿ ತಂದು ಹಚ್ಚಿ, ತಮ್ಮ ಮಗ್ಗದ ಮೆತ್ತನೆಯ ಹತ್ತಿಬಟ್ಟೆ ಹರಿದು ಕಟ್ಟಿದಳು.

ಬೆಳಿಗ್ಗೆ ಮುಹೂರ್ತಕ್ಕೆ ಬೇಕಾಗಿದ್ದು ಒಂದೇ ಕಂಬ. ಅದಕ್ಕೆ ಅರಿಶಿನ ಹಚ್ಚಿ, ಕಾಯಿ ಒಡೆದು ನಿಲ್ಲಿಸಿದರು. ಉಳಿದ ಮೂರನ್ನು ನಿಲ್ಲಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಇನ್ನೂ ನಾಲ್ಕು ಎಲ್ಲಿ ಎಂದು ಬೀದಿಯಲ್ಲಿ ಯಾರೂ ಕೇಳಲಿಲ್ಲ.

ಅವುಗಳನ್ನು ತರಲು ಹೊರಟಾಗ ಸಿದ್ದಪ್ಪ ಬಂಡಿಯ ನಿನ್ನೆಯ ಮೂಲೆಗೇ ಹತ್ತಲು ಹೋದ. ಎಲ್ಲಪ್ಪ ಅಡ್ಡ ನಿಂತ. "ಈ ಕೈಯಲ್ಲಿ ಬ್ರೇಕು ಹಿಡಿಯೋಕಾಗಲ್ಲ. ಎರಡೆರಡೇ ಕಂಬ ತರೋಣ, ಲಾರಿ ಬ್ರೇಕೇ ಸಾಕಾಗ್ತದೆ. ನೀವು ಒಳಗೆ ನನ್ನ ಪಕ್ಕ ಕೂತ್ಕೊಳ್ಳಿ."

ಸಿದ್ದಪ್ಪ ಗೊಣಗಿಕೊಂಡು ಒಳಗೆ ಕೂತ. ಲಾರಿಯ ಒಳಗೆ ಅವನು ಕೂತದ್ದು ಅದೇ ಮೊದಲು. ಎರಡು ಕಂಬ ಹೇರಿಕೊಂಡು ಇಳಿಯುವಾಗ ಅವನು ದಾರಿಯನ್ನು ನೋಡಲೇ ಇಲ್ಲ. ಕುತ್ತಿಗೆ ಹೊರಳಿಸಿ ಹಿಂದಿನ ಬಂಡಿಯನ್ನೇ ನೋಡುತ್ತಿದ್ದ.

"ಇನ್ನೂ ಮೆಲ್ಲಗೆ ಓಗು."

"ಇದಕ್ಕಿಂತ ಮೆಲ್ಲಗೆ ಅಂದ್ರೆ ನಿಂತೇ ಓಯ್ತದೆ ಮಾವ."

"ನಿಂತ್ರೆ ನಿಲ್ಲಲಿ. ಯಾರು ಅಟ್ಟಿಸ್ಕೊಂಡು ಬರ್ತಾವ್ರೆ ನಿನ್ನ?"

ತಿರುವಿಗೊಂದು ಮಾತು, ಇಳಿಜಾರಿಗೆ ಎರಡು ಮಾತು ಹೀಗೆಯೇ ಬರುತ್ತಿತ್ತು. ಎಲ್ಲಪ್ಪ ಎಲ್ಲಕ್ಕೂ ಹೂಂಗುಟ್ಟುತ್ತ ಓಡಿಸಿದ.