ಬಾನಿ ಎತ್ತುವವರು

ಡಾಕ್ಟರಮ್ಮ ಇನ್ಸಾಫ್‌ಗೆ ಹೇಳಿದ್ದು ಮೂರೇ ಮಾತು: ಭಾರ ಎತ್ತಬೇಡ, ಕುಕ್ಕರಗಾಲಲ್ಲಿ ಕೂರಬೇಡ, ಹೊಟ್ಟೆ ತುಂಬ ಉಣ್ಣು. ಈ ಮೂರನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಅವಳು ಮಾಡುತ್ತಿದ್ದಳು. ನೈಲ್ ನದಿಯನ್ನು ಈಜಿ ದಾಟು ಎಂದಿದ್ದರೆ ದಾಟಿಯೇಬಿಡುತ್ತಿದ್ದಳು. ಆದರೆ ಗಂಡ ಶಾಜ್ಲಿಯ ಮನೆಯಲ್ಲಿ ಸೊಸೆಗೆ ದಕ್ಕದೆ ಇರುವುದು ಈ ಮೂರೇ.

ಐದನೆಯ ಹೆರಿಗೆಯಲ್ಲೇ ಅವಳ ಗರ್ಭಚೀಲ ಜಾರಿತ್ತು. ಹನ್ನೊಂದು ವರ್ಷ ಅದನ್ನು ಒಳಗೆ ತಳ್ಳಿ ತಳ್ಳಿಯೇ ಸಂಸಾರ ಮಾಡಿದಳು. ಹೋದ ವರ್ಷ ಅದು ಪೂರ್ತಿ ಹೊರಬಿದ್ದು, ಬಟ್ಟೆಗೆ ಉಜ್ಜಿ ಉಜ್ಜಿ ಹುಣ್ಣಾಯಿತು. ತೆಗೆಸಿಬಿಡುವುದೇ ದಾರಿ. ಆದರೆ ಹುಣ್ಣು ಮಾಯುವ ತನಕ ಕತ್ತರಿ ಇಡುವ ಹಾಗಿಲ್ಲ. ಮುಲಾಮು ಹಚ್ಚಿದ ಪಟ್ಟಿಯನ್ನು ಒಳಗೆ ಒತ್ತಿಕೊಂಡು, ಕಾಲಡಿಗೆ ದಿಂಬಿಟ್ಟು ಮಲಗಬೇಕು. ಮೊದಲ ಸಲ ರಕ್ತ ಕಡಿಮೆ ಎಂದು ವಾಪಸು ಕಳಿಸಿದರು. ಎರಡನೆಯ ಸಲ ಕಬ್ಬು ಕಡಿಯುವ ಕಾಲ. ಎಮ್ಮೆಗೆ ಕಬ್ಬಿನ ಸೋಗೆ ಹೊತ್ತು ಹೊತ್ತು ಹುಣ್ಣು ಇನ್ನಷ್ಟು ಬಿರಿದಿತ್ತು.

"ಇದೇ ಕೊನೆ ಸಲ ಹೇಳ್ತಿದೀನಿ," ಎಂದಿದ್ದರು ಡಾಕ್ಟರಮ್ಮ. "ಶನಿವಾರ ನೋಡ್ತೀನಿ. ಮಾಯ್ದಿದ್ರೆ ಮಂಗಳವಾರ ಆಪರೇಷನ್. ಇಲ್ಲಾಂದ್ರೆ ರಮದಾನ್ ಕಳೀಲಿ, ಆಮೇಲೆ ನೋಡೋಣ."

ಆಮೇಲೆ! ಆ ಮನೆಯಲ್ಲಿ ಆಮೇಲೆ ಎಂದರೆ ಏನೆಂದು ಡಾಕ್ಟರಮ್ಮನಿಗೇನು ಗೊತ್ತು? ರಮದಾನ್ ಕಳೆದರೆ ಹಬ್ಬ, ಹಬ್ಬ ಕಳೆದರೆ ಗೋಧಿ ಕೊಯ್ಲು, ಕೊಯ್ಲು ಮುಗಿದರೆ ಯಾರದೋ ಮದುವೆ. ಹೆಣ್ಣಿನ ನೋವಿಗೆ ಮಾತ್ರ ಪಂಚಾಂಗದಲ್ಲಿ ಒಂದು ದಿನವಿಲ್ಲ.

ಇದರ ಮೇಲೊಂದು ಸುಳ್ಳು. ಹೆಂಡತಿಯ 'ಅದು' ಜಾರಿದೆ ಎಂದು ಊರಿಗೆ ಹೇಗೆ ಹೇಳುವುದೆಂದು ಶಾಜ್ಲಿ ಪಿತ್ತಕೋಶದ ಕಲ್ಲು ಎಂದು ಹಬ್ಬಿಸಿದ್ದ. ಗಂಡಸಿನ ಮಾನ ಉಳಿಯಿತು, ಹೆಂಗಸಿನ ಊಟ ಹೋಯಿತು. ಕಲ್ಲಿದ್ದವರಿಗೆ ಜಿಡ್ಡು ಆಗದೆಂದು ಅತ್ತೆ ನಬವಿಯಾ ತುಪ್ಪದ ಡಬ್ಬಿಗೆ ಬೀಗ ಹಾಕಿದಳು. ಮೊಟ್ಟೆ ಇಲ್ಲ, ಬಾತುಕೋಳಿ ಇಲ್ಲ. ರಕ್ತ ಹೆಚ್ಚಿಸಿಕೋ, ಲಿವರ್ ತಿನ್ನು ಎಂದು ಡಾಕ್ಟರಮ್ಮ ಹೇಳಿದ್ದರೆ, ಇಲ್ಲಿ ಇನ್ಸಾಫ್ ಮೂರು ವಾರದಿಂದ ಬೇಯಿಸಿದ ಆಲೂಗಡ್ಡೆ ನುಂಗುತ್ತಿದ್ದಳು. ಪಿತ್ತದ ಕಲ್ಲಿಗೂ ಭಾರ ಎತ್ತುವುದಕ್ಕೂ ಏನು ಸಂಬಂಧ? ಹಾಗಾಗಿ ಕೆಲಸಕ್ಕೆ ಮಾತ್ರ ಯಾವ ಪಥ್ಯವೂ ಇರಲಿಲ್ಲ. ಮನೆ ಖಾಲಿಯಾದಾಗ ಕದ್ದು ಅರ್ಧ ಗಂಟೆ ಮಲಗಿದ್ದೇ ಅವಳಿಗೆ ಸಿಕ್ಕ ಚಿಕಿತ್ಸೆ. ಆದರೂ ಆ ಕದ್ದ ಅರ್ಧ ಗಂಟೆಗಳಲ್ಲೇ ಹುಣ್ಣು ಸ್ವಲ್ಪ ಒಣಗಿತ್ತು. ಪಟ್ಟಿಗೆ ರಕ್ತ ಅಂಟದೆ ನಾಲ್ಕು ದಿನವಾಗಿತ್ತು.

ಗುರುವಾರ ಬೆಳಿಗ್ಗೆ ನಬವಿಯಾ ರೊಟ್ಟಿ ಸುಡುವ ಅಪ್ಪಣೆ ಹೊರಡಿಸಿದಳು.

"ಆಪರೇಶನ್ ಅಂದಮ್ಯಾಲೆ ನಾಕು ಊರಿನ ಮಂದಿ ನೋಡಾಕ ಬರ್ತಾರ. ಅವ್ರ ಮುಂದ ಅಂಗಡಿ ರೊಟ್ಟಿ ಇಡೂದೇನು? ತಿಂಗಳಿಗಾಗೂವಷ್ಟು ಸುಟ್ಟಿಟ್ಟು ಹೋಗು."

ಆ ಮನೆಯದು ಬಿಸಿಲು ರೊಟ್ಟಿ. ಕೆಳಗಿನ ಕತ್ತಲೆ ಕೋಣೆಯಲ್ಲಿ ದೊಡ್ಡ ಮಣ್ಣಿನ ಬಾನಿಯಲ್ಲಿ ಕಣಕ ನಾದಬೇಕು. ಆಮೇಲೆ ಮಾಳಿಗೆಗೆ ಒಯ್ದು, ಉಂಡೆ ಮಾಡಿ, ಮಣ್ಣಿನ ಬಿಲ್ಲೆಗಳ ಮೇಲಿಟ್ಟು, ಬಿಸಿಲಿನಲ್ಲಿ ಉಬ್ಬಿಸಬೇಕು. ಸ್ವಲ್ಪ ಸ್ವಲ್ಪ ಒಯ್ಯಬಾರದೇ ಎಂದರೆ ಬಾರದು. ಬಿಸಿಲು ಕಾಣುವ ಮೊದಲು ಕಣಕ ಮುರಿದರೆ ಮನೆಯ ಬರಕತ್ತು ಮುರಿಯುತ್ತದೆಂಬುದು ನಬವಿಯಾಳ ಅತ್ತೆಯ ಕಾಲದ ಕಟ್ಟಳೆ. ಬಾನಿ ಇಡಿಯಾಗಿಯೇ ಮೇಲೇರಬೇಕು. ಒಂದು ಕಿವಿ ಇನ್ಸಾಫ್‌ಳ ಕೈಗೆ, ಇನ್ನೊಂದು ಓರಗಿತ್ತಿ ಹಾನಿಮ್‌ಳ ಕೈಗೆ.

ಕಣಕ ನಾದಿದ್ದಾಯಿತು. ನಬವಿಯಾ ಬಾಗಿಲಲ್ಲಿ ನಿಂತು, ಸೊಸೆಯನ್ನು ಎಂದಿನಂತೆ ಅವಳ ಹಿರಿಮಗನ ಹೆಸರು ಹಿಡಿದು ಕರೆದು, "ಕೈ ಹಚ್ಚು ಬದ್ರಿ ತಾಯಿ, ಬಿಸಿಲು ಹೋಗತೈತಿ," ಎಂದಳು.

"ನಾ ಎತ್ತಂಗಿಲ್ಲ ಅತ್ತೀ."

"ಏನಂದಿ?"

"ಎತ್ತಂಗಿಲ್ಲ ಅಂದೆ. ಡಾಕ್ಟರ್ ಬ್ಯಾಡ ಅಂದಾರ."

"ಹೊಟ್ಟ್ಯಾಗಿನ ಕಲ್ಲು ಬಾನಿಗೇನು ಅಡ್ಡ ಬರತೈತಿ?"

ಮೂರು ವಾರದ ಆಲೂಗಡ್ಡೆ ಇನ್ಸಾಫ್‌ಳ ಗಂಟಲಿಗೆ ಬಂತು. "ಕಲ್ಲೂ ಇಲ್ಲ, ಮಣ್ಣೂ ಇಲ್ಲ! ನನ್ನ ಗರ್ಭಚೀಲ ಜಾರಿ ಹೊರಗ ಬಿದ್ದೈತಿ. ಹುಣ್ಣಾಗೇತಿ. ಇವತ್ತು ಈ ಬಾನಿ ಎತ್ತಿದ್ರ ಶನಿವಾರ ಮತ್ತ ವಾಪಸ್ ಕಳಸ್ತಾರ. ನನಗ ಸಾಕಾಗೇತಿ!"

"ಸುಮ್ನಿರ! ಗ್ವಾಡಿಗೆ ಕಿವಿ ಅದಾವು." ನಬವಿಯಾ ಬಾಗಿಲು ಎಳೆದುಕೊಂಡಳು. ಮುಖ ಕೆಂಪಾಗಿತ್ತು, ಆದರೆ ಆಶ್ಚರ್ಯವೇನೂ ಕಾಣಲಿಲ್ಲ. "ಅಷ್ಟಕ್ಕ ಆಪರೇಶನ್ನಾ? ನಂದು ನಿನ್ನ ಗಂಡ ಹುಟ್ಟಿದಾಗಿಂದ ಜಾರೇತಿ. ಬಟ್ಟಿ ಉಂಡಿ ಒತ್ತಿಕೊಂಡು ಎಷ್ಟು ಬಾನಿ ಎತ್ತೀನಿ, ಗೊತ್ತೇನು ನಿನಗ?"

ಇನ್ಸಾಫ್‌ಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಮೈಯೆಲ್ಲ ಉರಿಯಿತು. "ಇದರ ನೋವು ಗೊತ್ತಿದ್ದೂ ನನ್ನ ಕೈಗೆ ಬಾನಿ ಕೊಟ್ರೇನು? ಬಾಣಂತನದ ನಲವತ್ತು ದಿನ ಮುಗಿಯೂಕಿಂತ ಮೊದಲ?"

"ನನಗ ನಮ್ಮ ಅತ್ತಿ ಕೊಟ್ಟಿದ್ಲು," ಎಂದಳು ನಬವಿಯಾ. ಆಮೇಲೆ ಹಾನಿಮ್‌ಳ ಕಡೆ ತಿರುಗಿದಳು. "ನೀ ಸಣ್ಣಾಕಿ ಇದ್ದಿ. ಬಾ, ನಾ ಒಂದು ಕಡೆ ಹಿಡೀತೀನಿ."

ಹಾನಿಮ್‌ಗೆ ಇನ್ನೂ ಮೂವತ್ತೆರಡು. ಅವಳು ಕೈಗಳನ್ನು ಶಾಲಿನೊಳಗೆ ಸೇರಿಸಿ ಗೋಡೆಗೆ ಒತ್ತಿ ನಿಂತಳು. "ನನಗೂ ಕೆಳಗ ಏನೋ ಬಂದಂಗ ಆಗತೈತಿ ಅತ್ತೀ," ಎಂದಳು ಮೆಲ್ಲಗೆ. "ಹ್ವಾದ ಚಳಿಗಾಲದಿಂದ. ಯಾರಿಗೆ ಹೇಳ್ಲಿ?"

ಮೂವರು ಹೆಂಗಸರು ಬಾನಿಯ ಸುತ್ತ ನಿಂತರು. ಕಣಕ ತನ್ನ ಪಾಡಿಗೆ ಉಬ್ಬುತ್ತಿತ್ತು. ಕಿಟಕಿಯ ಬೆಳಕು ಗೋಡೆಯಿಂದ ನೆಲಕ್ಕೆ ಇಳಿಯಿತು. ನಬವಿಯಾ ನಿಲುವಂಗಿಯ ಅಂಚು ಸಿಕ್ಕಿಸಿ, ಎಪ್ಪತ್ತು ವರ್ಷದ ಬೆನ್ನು ಬಗ್ಗಿಸಿ, ಎರಡೂ ಕಿವಿ ಹಿಡಿದಳು. ಬಾನಿ ಕದಲಲಿಲ್ಲ. ಅವಳು ಬಗ್ಗಿದವಳು ಹಾಗೇ ಇದ್ದಳು. ಇನ್ಸಾಫ್‌ಳ ಕೈಗಳು ತಾವಾಗಿಯೇ ಮುಂದೆ ಚಾಚಿದವು. ಇಪ್ಪತ್ತೆರಡು ವರ್ಷದ ರೂಢಿ ಹಾಗೆ ಬಿಡುತ್ತದೆಯೇ? ಅವಳು ಆ ಕೈಗಳನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಒಂದರಿಂದ ಒಂದನ್ನು ಬಿಗಿಯಾಗಿ ಹಿಡಿದುಕೊಂಡಳು. ಅಳು ಬರುತ್ತಿತ್ತು, ಆದರೂ ಬಿಡಲಿಲ್ಲ.

ನಬವಿಯಾ ನೆಟ್ಟಗಾದಳು. ಸೊಸೆಯ ಕೈ ಎಲ್ಲಿದೆ ಎಂದು ನೋಡಿದಳು. ಆಮೇಲೆ ಬಾಗಿಲು ತೆಗೆದು, ಊರಿಗೇ ಕೇಳುವಂತೆ ಕೂಗಿದಳು. "ಶಾಜ್ಲೀ! ಒಳಗ ಬಾರೋ!"

ಜಗಲಿಯಲ್ಲಿ ಗೆಳೆಯರ ಜೊತೆ ಚಹಾ ಕುಡಿಯುತ್ತಿದ್ದ ಶಾಜ್ಲಿ ಲೋಟ ಹಿಡಿದೇ ಬಂದ. "ಏನವ್ವಾ?"

"ಬಾನಿ ಮಾಳಗಿಗೆ ಒಯ್ಯಿ."

"ಹೆಂಗಸ್ರ ಕೆಲಸಕ್ಕ ನನ್ನ ಕರೀತಿಯಲ್ಲ! ಹೊರಗ ಮಂದಿ ಕುಂತಾರ. ಒಂದ ಬಾನಿ ಎತ್ತಾಕ ಮೂರು ಹೆಂಗಸ್ರು ಸಾಲಂಗಿಲ್ಲೇನು?"

"ಸಾಲಂಗಿಲ್ಲ," ಎಂದಳು ನಬವಿಯಾ. "ಮೂವರಿಗೂ ಕಲ್ಲಾಗೇತಿ. ಎತ್ತು."

ತಾಯಿಯ ಮುಖ ನೋಡಿ ಅವನು ಲೋಟ ಕೆಳಗಿಟ್ಟ. ಹೆಂಗಸರ ಮುಂದೆ ಇಬ್ಬರ ಕೆಲಸ ಒಬ್ಬನೇ ಮಾಡಿ ತೋರಿಸುವ ಹುಮ್ಮಸ್ಸಿನಲ್ಲಿ ತೋಳೇರಿಸಿ ಬಾನಿಯನ್ನು ಎದೆಗೆ ಅವಚಿಕೊಂಡ. ಎರಡು ಮೆಟ್ಟಿಲು ಹತ್ತಿದ. ಮೂರನೆಯದರಲ್ಲಿ ನಿಂತ. ಕತ್ತಿನ ನರ ಉಬ್ಬಿತು, ಬಾನಿಯ ಅಂಚು ಗೋಡೆಗೆ ತಾಗಿತು.

"ಇದು… ಇಷ್ಟು ಭಾರ ಐತೇನು?"

ಇನ್ಸಾಫ್ ಅಂಗಳದ ಹಗ್ಗದ ಮಂಚಕ್ಕೆ ಹೋಗಿ, ಹಾಡಹಗಲಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ಕಾಲಡಿಗೆ ದಿಂಬಿಟ್ಟು ಮಲಗಿದಳು. ಶನಿವಾರಕ್ಕೆ ಇನ್ನೂ ಎರಡು ದಿನ ಇತ್ತು.

"ನಿಧಾನ ಹತ್ರಿ," ಎಂದಳು ಅಲ್ಲಿಂದಲೇ. "ಒಳಗಿಂದೇನಾರ ಜಾರೀತು."