ಒಂದೇ ಗುಂಡಿಯ ಕೈತೋಟ

ಕೊಡ ಎತ್ತಬಾರದು, ಬಗ್ಗಬಾರದು, ಕುಕ್ಕರುಗಾಲಲ್ಲಿ ಕೂರಬಾರದು ಎಂದು ಡಾಕ್ಟರಮ್ಮ ಹೇಳಿದ್ದು ನನಗೆ. ಅದನ್ನು ಕೇಳಿ ಹಿಗ್ಗಿದ್ದು ಮಾತ್ರ ನಮ್ಮ ಯಜಮಾನರು.

ತಿಮ್ಮರಾಯಪ್ಪನವರಿಗೆ ಫ್ಯಾಕ್ಟರಿಯಲ್ಲಿ ನಕ್ಷೆ ಬರೆಯುವ ಕೆಲಸ. ಅಲ್ಲಿ ಅವರು ಬರೆದದ್ದನ್ನು ತಿದ್ದುವವರು ನಾಲ್ಕು ಜನ. ಮನೆಯಲ್ಲಿ ಬರೆಯಲು ಏನೂ ಇರಲಿಲ್ಲ. ಜಯನಗರದ ಒಂಬತ್ತನೇ ಬ್ಲಾಕಿನ ನಮ್ಮ ಮನೆಯ ಹಿತ್ತಲು ಪೂರ್ತಿ ನನ್ನದು. ಬದನೆ, ಬೆಂಡೆ, ಹೀರೆ, ಪಡವಲ, ಹಾಗಲ, ನಾಲ್ಕು ಬಗೆಯ ಸೊಪ್ಪು, ಇವೆಲ್ಲದರ ಮೇಲೆ ಹಬ್ಬಿಕೊಂಡು ಹೋಗುವ ಸಿಹಿಗುಂಬಳ. ಕಾಲಿಡಲು ಜಾಗವಿಲ್ಲ ಎಂದು ಅವರು ಗೊಣಗಿದಾಗಲೆಲ್ಲ, ಕಾಲಿಡಬೇಡಿ ಎಂದು ನಾನು ಹೇಳುತ್ತಿದ್ದೆ. ದಿನ ಬಿಟ್ಟು ದಿನ ಬರುವ ನಲ್ಲಿ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟು, ಕೊಡದಲ್ಲಿ ಹೊತ್ತು ಹೊತ್ತು ಹಾಕುತ್ತಿದ್ದವಳು ನಾನು. ಈಗ ಹೊಟ್ಟೆಯ ಆಪರೇಷನ್ ಆಗಿತ್ತು, ಹೊಲಿಗೆ ಕೀವಾಗಿತ್ತು, ಕಾರ್ತಿಕದಲ್ಲಿ ಆಸ್ಪತ್ರೆಗೆ ಹೋದವಳು ಮನೆಗೆ ಬರುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು. ತೋಟ ಒಣಗಿ ಪುರಲೆಯಾಗಿತ್ತು.

ಅದು ಎಂಬತ್ತೆರಡನೇ ಇಸವಿಯ ಶಿವರಾತ್ರಿಯ ಹಿಂದಿನ ಭಾನುವಾರ. ನನ್ನನ್ನು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಯಜಮಾನರು ನನ್ನ ರಂಗೋಲಿ ಡಬ್ಬಿ ಹಿಡಿದುಕೊಂಡು ನೆಲದ ಮೇಲೆ ಗೆರೆ ಎಳೆಯಲು ಶುರುಮಾಡಿದರು.

"ಯುಗಾದಿ ಹೊತ್ತಿಗೆ ತೋಟ ಸಿಂಪಲ್ ಆಗ್ಬೇಕು ಲಕ್ಷ್ಮೀ. ಮೊದ್ಲು ಬದನೆ ಔಟ್. ಹುಳ ಹಿಡಿಯತ್ತೆ, ದಿನಾ ಬಗ್ಗಿ ನೋಡ್ಬೇಕು."

"ಬದನೆ ಔಟ್ ಮಾಡಿ, ವಾಂಗಿಭಾತ್ ಕೇಳಿದ್ರೆ ಗೊತ್ತಾಗತ್ತೆ."

"ಬೆಂಡೆ ಔಟ್. ಹೀರೆ, ಪಡವಲ ಎರಡಕ್ಕೂ ಚಪ್ಪರ ಬೇಕು, ಔಟ್."

"ರೀ, ನೀವು ತೋಟ ಮಾಡ್ತಿದೀರೋ ಇಲ್ಲಾ ಮೈದಾನ ಮಾಡ್ತಿದೀರೋ?"

ಅವರಿಗೆ ನಗು ಬಂತು. ಬಚ್ಚಲ ನೀರು ಹೊರಗೆ ಬೀಳುವ ಜಾಗದಿಂದ ಒಂದು ನೇರ ಗೆರೆ ಎಳೆದರು. ಅಲ್ಲಿಂದ ಒಂದು ಸಣ್ಣ ಕಾಲುವೆ ತೆಗೆದರೆ ಸ್ನಾನದ ನೀರು ತಾನಾಗಿಯೇ ಗಿಡಕ್ಕೆ ಹೋಗುತ್ತದೆ, ಕೊಡ ಎತ್ತುವ ಮಾತೇ ಇಲ್ಲ ಎಂದರು. ಒಳ್ಳೆಯ ಯೋಚನೆ. ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಹಾಗಂತ ಹೇಳಿಬಿಟ್ಟರೆ ಆ ವಾರವೆಲ್ಲ ಅದೇ ಮಾತಾಡುತ್ತಾರೆಂದು ಸುಮ್ಮನಿದ್ದೆ.

ಒಂದೊಂದನ್ನೇ ಬಿಟ್ಟುಕೊಡುತ್ತ ಬಂದೆ. ನಿಜ ಹೇಳಬೇಕೆಂದರೆ ಬಿಟ್ಟಷ್ಟೂ ಮೈ ಹಗುರಾಯಿತು. ಹೀರೆಕಾಯಿ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಸಿಗುತ್ತದೆ. ಬೆಂಡೆಕಾಯಿ ಬಾಗಿಲಿಗೇ ಬರುತ್ತದೆ. ಸಿಗದೇ ಇರುವುದು ಒಂದೇ.

"ಕುಂಬಳ ಮಾತ್ರ ಇರ್ಬೇಕು," ಎಂದೆ. "ಅದೊಂದಿದ್ರೆ ಸಾಕು. ಬೇರೆ ಏನೂ ಬೇಡ."

ಆ ಕುಂಬಳ ನನ್ನ ಅಮ್ಮನದು. ಕೋಣನಕುಂಟೆಯ ನಮ್ಮ ಹೊಲದ ಬದುವಿನಲ್ಲಿ ಬೆಳೆಯುತ್ತಿದ್ದದ್ದು. ಗುಂಡಗಿರುವುದಿಲ್ಲ, ಮಣೆಯ ಹಾಗೆ ಚಪ್ಪಟೆ; ಸಿಪ್ಪೆಯ ಮೇಲೆ ಬೂದಿ ಬಣ್ಣ, ಒಳಗೆ ಅಪ್ಪಟ ಅರಿಶಿನ. ಅಮ್ಮ ಹೋದ ಮೇಲೆ ಅಣ್ಣ ಹೊಲವನ್ನು ಸೈಟು ಮಾಡಿದ. ಈಗ ಅಲ್ಲಿ ನೆಟ್ಟಿರುವುದು ಕಲ್ಲುಗಳು. ಹಾಗಾಗಿ ಆ ಬೀಜ ಭೂಮಿಯ ಮೇಲೆ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಅಮ್ಮ ಮಾಡುತ್ತಿದ್ದ ಹಾಗೆಯೇ ನಾನೂ ಬೀಜವನ್ನು ಸಗಣಿಯಲ್ಲಿ ಸೇರಿಸಿ ಬೆರಣಿ ತಟ್ಟಿ, ಗೋಡೆಗೆ ಒಣಗಿಸಿ, ಬಚ್ಚಲು ಮನೆಯ ಅಟ್ಟದಲ್ಲಿ ಇಡುತ್ತಿದ್ದೆ. ಹುಳ ಮುಟ್ಟುವುದಿಲ್ಲ. ಬೀಜದ ಬೆರಣಿ ಎಂದು ಗುರುತಿಗೆ ನಡುವೆ ಹೆಬ್ಬೆಟ್ಟು ಒತ್ತಿರುತ್ತಿದ್ದೆ.

"ಅಟ್ಟದ ಮೇಲಿಂದ ಬೆರಣಿ ಇಳಿಸಿ, ನೋಡೋಣ," ಎಂದೆ.

ಯಜಮಾನರು ಡಬ್ಬಿಯ ಮುಚ್ಚಳ ಹಾಕಿದರು. ಮತ್ತೆ ತೆಗೆದರು. ಮತ್ತೆ ಹಾಕಿದರು.

"ಯಾವ ಬೆರಣಿ?"

"ಹೆಬ್ಬೆಟ್ಟು ಒತ್ತಿರೋದು."

"ನೀನು ಆಸ್ಪತ್ರೆಯಿಂದ ಬಂದ ದಿನ..." ಅವರ ದನಿ ಇಳಿಯಿತು. "ತೆಂಗಿನ ಚಿಪ್ಪು ಮುಗ್ದೋಗಿತ್ತು ಕಣೇ. ನಿನ್ಗೆ ಬಿಸಿ ಬಿಸಿ ನೀರು ಬೇಕಲ್ಲಾ ಅಂತ ಅಟ್ಟದಲ್ಲಿದ್ದ ಬೆರಣಿ ಎಲ್ಲಾ ಒಲೆಗೆ ಹಾಕ್ದೆ. ಪಟಪಟ ಅಂತ ಸಿಡೀತು. ಏನೋ ಹುಳ ಸೇರ್ಕೊಂಡಿದೆ ಅಂದ್ಕೊಂಡೆ."

ನನಗೆ ಆ ಸ್ನಾನ ನೆನಪಿತ್ತು. ಅಷ್ಟು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡವಳಿಗೆ ಅವರೇ ನಿಂತು ಹಂಡೆಯಿಂದ ತೋಡಿ ತೋಡಿ ನೀರು ಹೊಯ್ದಿದ್ದರು. ಬದುಕಿ ಬಂದೆ ಎಂದು ನನಗೆ ನಂಬಿಕೆ ಬಂದದ್ದೇ ಆಗ. ಅಮ್ಮನ ಬೀಜ ಸುಟ್ಟು ಕಾಯಿಸಿದ ನೀರು ಅದು. ಅತ್ತುಬಿಟ್ಟೆ. ಆಮೇಲೆ ಸಿಟ್ಟು ನೆತ್ತಿಗೇರಿತು. ಅಟ್ಟಕ್ಕೆ ಕೈ ಹಾಕುವ ಮೊದಲು ಒಂದು ಮಾತು ಕೇಳಬಾರದಿತ್ತೇ? ಹೆಬ್ಬೆಟ್ಟಿನ ಗುರುತು ಕಣ್ಣಿಗೆ ಕಾಣಲಿಲ್ಲವೇ? ಫ್ಯಾಕ್ಟರಿಯಲ್ಲಿ ಕೂದಲೆಳೆ ಗೆರೆ ವಾರೆಯಾದರೆ ಕಾಣುತ್ತದಂತೆ.

"ನಾನು ಬೇಕು ಅಂತ ಮಾಡ್ಲಿಲ್ಲ ಲಕ್ಷ್ಮೀ."

"ಬೇಕು ಅಂತ ಮಾಡಿದ್ರೆ ಇಷ್ಟು ಚೆನ್ನಾಗಿ ಮಾಡೋಕಾಗ್ತಿರ್ಲಿಲ್ಲ ಬಿಡಿ."

ಆ ಮನೆಯಲ್ಲಿ ಒಂದು ಗಳಿಗೆ ಕೂರಲೂ ಮನಸ್ಸಾಗಲಿಲ್ಲ. ಗೋಡೆ ಹಿಡಿದು ಎದ್ದೆ. ಅವರು ಕೈ ಕೊಡಲು ಬಂದರು, ಬೇಡ ಎಂದೆ. ಸೆರಗು ಸೊಂಟಕ್ಕೆ ಬಿಗಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಪಕ್ಕದ ಮನೆಗೆ ನಡೆದೆ. ಆಸ್ಪತ್ರೆಯಿಂದ ಬಂದ ಮೇಲೆ ಹೊಸಿಲು ದಾಟಿದ್ದು ಅದೇ ಮೊದಲು.

ಪಕ್ಕದ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸೊಸೆ ಶಾಂತಾದೇವಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಅತ್ತೆ ಯಲ್ಲಮ್ಮಜ್ಜಿಗೆ ಕಣ್ಣು ಮಂಜಾದರೂ ಬಾಯಿ ಚುರುಕು. ನಾನು ಆಸ್ಪತ್ರೆಯಲ್ಲಿದ್ದಾಗ ಈ ಟೀಚರು ಸ್ಕೂಲಿಗೆ ಹೋಗುವ ಮುನ್ನ ಗಂಜಿಯ ಡಬ್ಬಿ ಹಿಡಿದು ಬಸ್ಸು ಹತ್ತಿ ಬರುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ನಾನು ಥ್ಯಾಂಕ್ಸ್ ಹೇಳಿದರೆ ಕೋಪ ಮಾಡಿಕೊಳ್ಳುತ್ತಿದ್ದರು.

"ಯಾರದು?" ಎಂದಿತು ಅಜ್ಜಿ ಜಗಲಿಯಿಂದ.

"ನಾನು ಅಜ್ಜಿ, ಮುನಿಲಕ್ಷ್ಮಿ."

"ಯಾರು ಹಿಡ್ಕೊಂಡು ಬಂದ್ರು?"

"ಯಾರೂ ಇಲ್ಲ. ನಾನೇ ನಡ್ಕೊಂಡ್ ಬಂದೆ."

ಅಜ್ಜಿ ಎದ್ದು ನಿಂತು ನನ್ನ ಮುಖ, ತೋಳು, ಹೊಟ್ಟೆ ಎಲ್ಲ ತಡವಿ ನೋಡಿತು. ನಂತರ ಒಳಗೆ ತಿರುಗಿ ಕೂಗಿತು. "ಶಾಂತೀ, ಬಂದ್ಲು ಕಣೇ! ಕಾಲ್ ಮೇಲೆ ಬಂದ್ಲು! ಹೋಗು, ತಿಮ್ಮರಾಯಪ್ಪನ್ನ ಮಚ್ಚು ತಗೊಂಡು ಬಾ ಅನ್ನು."

ನಾನು ಬೆಚ್ಚಿದೆ. ನನ್ನ ಸಿಟ್ಟು ಗೋಡೆಯಾಚೆಗೂ ಕೇಳಿಸಿತ್ತೇನೋ, ಆದರೆ ಮಚ್ಚು ಹಿಡಿಯುವಷ್ಟಂತೂ ಇರಲಿಲ್ಲ.

ಟೀಚರು ಹೊರಗೆ ಬಂದು, ನಗುತ್ತ, ನಾಚುತ್ತ ಹೇಳಿದರು. "ಅಕ್ಕಾ, ನೀವು ದೀಪಾವಳಿಗೆ ಕೊಟ್ಟ ಕುಂಬಳಕಾಯಿ ಹಾಗೇ ಇದೆ."

ಇಡೀ ಕುಂಬಳಕಾಯಿಗೆ ನಮ್ಮ ಕಡೆ ಹೆಂಗಸರು ಮೊದಲ ಏಟು ಹಾಕುವಂತಿಲ್ಲ. ಗಂಡಸರು ಒಂದೇಟು ಹಾಕಿ ಹೋಳು ಮಾಡಿಕೊಟ್ಟರೆ ಆಮೇಲೆ ನಾವು ಹೆಚ್ಚಬಹುದು. ಅವರ ಮನೆಯ ಕಾಯಿಗೆ ವರ್ಷವೂ ಏಟು ಹಾಕುತ್ತಿದ್ದದ್ದು ನಮ್ಮ ಯಜಮಾನರೇ. ಈ ಸಲ ಅವರು ಆಸ್ಪತ್ರೆಯ ಬೆಂಚಿನ ಮೇಲಿದ್ದರು.

"ಬೇರೆ ಯಾರನ್ನಾದ್ರೂ ಕರೀಬಹುದಿತ್ತಲ್ಲ ಟೀಚರೇ?"

"ನಾನೇ ಹೆಚ್ತೀನಿ ಅಂದೆ. ಅತ್ತೆ ಮುಟ್ಟೋಕೆ ಬಿಡ್ಲಿಲ್ಲ. ಹಾಲಿನ ದಾಸಪ್ಪ ನಾನು ಒಡ್ಕೊಡ್ತೀನಿ ಅಂದ. ಅವನಿಗೂ ಬೇಡ ಅಂದ್ಬಿಟ್ರು."

"ಬೇಡ ಅನ್ನದೆ?" ಎಂದಿತು ಅಜ್ಜಿ. "ಅಲ್ಲಿ ಇವಳ ಹೊಟ್ಟೆ ಕುಯ್ದು ಮಲಗ್ಸಿದಾರೆ. ಇಲ್ಲಿ ಇವಳು ಕೊಟ್ಟ ಕಾಯಿಗೆ ನಾನು ಮಚ್ಚು ಹಾಕಿಸ್ಲಾ? ಅವಳು ತನ್ನ ಕಾಲ್ ಮೇಲೆ ನಮ್ಮನೆಗೆ ಬರ್ಲಿ, ಅವತ್ತೇ ಒಡೀಲಿ ಅಂದೆ. ಬಂದ್ಯಲ್ಲ."

ಈ ಅಜ್ಜಿಗೆ ಕುಂಬಳಕಾಯಿ ಪಲ್ಯ ಎಂದರೆ ಪ್ರಾಣ. ಕಾಯಿಯನ್ನು ಮಂಚದ ಕೆಳಗೆ ಹುಲ್ಲಿನ ಮೇಲೆ ಇಟ್ಟುಕೊಂಡು, ಇಷ್ಟು ದಿನ ಅದರ ಮೇಲೆಯೇ ಮಲಗಿ ಕಾದಿತ್ತು. ಆ ಒರಟು ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಬೆರಣಿಯ ಕಥೆಯನ್ನು ಆಗ ಹೇಳಿದೆ. ಟೀಚರು ಕಾಯಿಯನ್ನು ಹೊರಗೆ ಉರುಳಿಸಿಕೊಂಡು ಬಂದರು. ಚಪ್ಪಟೆ, ಬೂದಿ ಬಣ್ಣ, ತೊಟ್ಟು ಒಣಗಿ ಕಡ್ಡಿಯಾಗಿತ್ತು. ಒಳಗೆ ಕೊಳೆತಿದ್ದರೆ? ಬೀಜ ಒಳಗೇ ಮೊಳೆತು ಹೋಗಿದ್ದರೆ? ಬೆರಳಿನಿಂದ ತಟ್ಟಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಟೀಚರು ಕಾಂಪೌಂಡಿನ ಮೇಲಿಂದ ಕೂಗಿ ಕರೆದ ಮೇಲೆ ಯಜಮಾನರು ಮಚ್ಚು ಹಿಡಿದು ಬಂದರು. ನನ್ನ ಕಡೆ ನೋಡಲಿಲ್ಲ. ಕಾಯಿ ನೋಡಿದರು, ಅರ್ಥವಾಯಿತು. ಮಚ್ಚನ್ನು ಕಾಯಿಯ ನಡುವಿಗೆ ಗುರಿ ಹಿಡಿದು ಮತ್ತೆ ಇಳಿಸಿದರು.

"ಹಾಕಿ," ಎಂದೆ. "ನಿಮ್ಮ ಕೈಗುಣ ನೋಡೋಣ."

ಒಂದೇ ಏಟಿಗೆ ಎರಡು ಹೋಳಾಯಿತು. ಅಪ್ಪಟ ಅರಿಶಿನ. ನಡುವೆ ಬೀಜ, ದಪ್ಪ ದಪ್ಪ, ಬೆಳ್ಳಗೆ, ಒಂದೂ ಮೊಳೆತಿಲ್ಲ. ಅಮ್ಮನ ಅಡುಗೆಮನೆಯ ವಾಸನೆ ಬಂತು. ಯಜಮಾನರು ಮಚ್ಚು ಕೆಳಗಿಟ್ಟು ಪಂಚೆಯಲ್ಲಿ ಮುಖ ಒರೆಸಿಕೊಂಡರು, ಬೆವರು ಎಂದು ಟೀಚರಿಗೆ ಹೇಳಿದರು.

ಬೀಜವನ್ನು ಎರಡು ಪಾಲು ಮಾಡಿದೆ. ಒಂದು ಪಾಲು ಅಜ್ಜಿಯ ಮಡಿಲಿಗೆ ಹಾಕಿ, ಇದು ಇನ್ನು ಮೇಲೆ ಈ ಮನೆಯಲ್ಲೂ ಇರಲಿ ಎಂದೆ. ಒಂದೇ ಅಟ್ಟವನ್ನು ನಂಬಿ ಕೂರುವ ಕಾಲ ಮುಗಿದಿತ್ತು.

ಮಧ್ಯಾಹ್ನ ಎರಡೂ ಮನೆಯವರು ಅಲ್ಲೇ ಕುಂಬಳಕಾಯಿ ಪಲ್ಯದಲ್ಲಿ ಊಟ ಮಾಡಿದೆವು. ಅಜ್ಜಿ ಮೂರು ಸಲ ಬಡಿಸಿಕೊಂಡಿತು. ಮನೆಗೆ ಬಂದ ಮೇಲೆ ಯಜಮಾನರು ಪೊರಕೆ ತಗೊಂಡು ಹಿತ್ತಲಲ್ಲಿ ಎಳೆದಿದ್ದ ಗೆರೆಗಳನ್ನೆಲ್ಲ ಗುಡಿಸಿದರು. ಬಚ್ಚಲ ಕಾಲುವೆ ಮಾತ್ರ ಉಳಿಸಿದರು. ಅದರ ತುದಿಯಲ್ಲಿ, ಅಜ್ಜಿಯ ಮನೆಯ ಕಾಂಪೌಂಡಿನ ಬುಡಕ್ಕೆ, ಕುಂಬಳದ ಗುಂಡಿಗೆಂದು ಒಂದೇ ಒಂದು ಸುತ್ತು ಬರೆದರು. ಬಳ್ಳಿ ಯಾವ ಕಡೆ ಬೇಕಾದರೂ ಹಬ್ಬಲಿ.

"ಇಷ್ಟು ಸಿಂಪಲ್ ಸಾಕಾ?" ಎಂದರು.

"ಸಾಕು. ಕಾಲುವೆ ಯೋಚ್ನೆ ಚೆನ್ನಾಗಿದೆ."

ಆ ವಾರವೆಲ್ಲ ಅದೇ ಮಾತಾಡಿದರು. ಮಾತಾಡಲಿ ಬಿಡಿ.

ಮಾರನೆಯ ಬೆಳಿಗ್ಗೆ ದಾಸಪ್ಪ ಹಾಲಿನ ಜೊತೆ ಒಂದು ಮಂಕರಿ ಸಗಣಿ ತಂದುಕೊಟ್ಟ. ಗುಂಡಿಗೆ ಬೇಕಾದ ಬೀಜ ತೆಗೆದಿಟ್ಟು, ಮಿಕ್ಕಿದ್ದನ್ನು ಬೆರಣಿಗೆ ಸೇರಿಸಬೇಕಿತ್ತು. ನನಗೆ ಬಗ್ಗುವ ಹಾಗಿಲ್ಲ. ಯಜಮಾನರೇ ಪಂಚೆ ಮೇಲೆ ಕಟ್ಟಿ, ಮೂಗು ಸಿಂಡರಿಸಿಕೊಂಡು, ಕುಕ್ಕರುಗಾಲಲ್ಲಿ ಕೂತು ತಟ್ಟಿದರು. ನಾನು ಕುರ್ಚಿಯಲ್ಲಿ ಕೂತು ಹೇಳಿಕೊಟ್ಟೆ. ಕೊನೆಗೆ ಪ್ರತಿ ಬೆರಣಿಯ ನಡುವೆಯೂ ಅವರು ತಮ್ಮ ಹೆಬ್ಬೆಟ್ಟು ಒತ್ತಿದರು. ಅಮ್ಮನದಕ್ಕಿಂತ, ನನ್ನದಕ್ಕಿಂತ ದೊಡ್ಡ ಗುರುತು ಬಿತ್ತು. ಇನ್ನು ಒಲೆಗೆ ಹಾಕುವ ಮುಂಚೆ ಅವರ ಕೈಯೇ ಅವರನ್ನು ತಡೆಯುತ್ತದೆ.