ಹಿಂದಿನಿಂದ ಮುಟ್ಟಬಾರದು

“ಮಷಿನ್ ಓಡ್ತಿರೋವಾಗ ಹಿಂದಿನಿಂದ ಬಂದು ಮುಟ್ಟಬಾರದು ಅಂತ ಎಷ್ಟು ಸಲ ಹೇಳಿದೀನಿ ಇವಳಿಗೆ! ಎದುರಿಗೆ ಬರಬೇಕು, ನನ್ನ ಕಣ್ಣಿಗೆ ಬೀಳಬೇಕು, ನಾನು ಆಫ್ ಮಾಡಬೇಕು, ಆಮೇಲೆ ಮಾತು. ಅಷ್ಟೇ ತಾನೆ ಸಾರ್?”

ನೋಡಲು ಬಂದವರಿಗೆಲ್ಲ ಗಂಡ ಇದೇ ಪಾಠ ಒಪ್ಪಿಸುತ್ತಿದ್ದ, ಪ್ರತಿ ಸಲವೂ ಇನ್ನಷ್ಟು ಉಪ್ಪು ಖಾರ ಹಚ್ಚಿ. ಈಗ ಎದುರಿಗೆ ಕೂತಿದ್ದವನು ಕಂಟ್ರಾಕ್ಟರ್. ಮರ ಕೊಯ್ಯುವ ಪೆಟ್ರೋಲ್ ಮಷಿನ್ ಅವನದು, ಅದನ್ನು ಹಿಡಿದು ಅರ್ಧ ಆಯುಷ್ಯ ಸವೆಸಿದ ಕೈ ಗಂಡನದು. ಹೆಂಡತಿ ಗೋಡೆಗೆ ಒರಗಿ, ಮೊಣಕೈವರೆಗೆ ಬ್ಯಾಂಡೇಜು ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡಿದ್ದಳು. ಬಾಗಿಲ ಮೂಲೆಯಲ್ಲಿದ್ದ ಮಷಿನ್ನಿನ ಚೈನಿನಿಂದ ಅವಳ ರಕ್ತವನ್ನು ಅವನು ಆಗಲೇ ಒರೆಸಿ ಎಣ್ಣೆ ಹಚ್ಚಿಯಾಗಿತ್ತು.

ಪಾಠದಲ್ಲಿ ತಪ್ಪೇನೂ ಇರಲಿಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ. ನಿನ್ನೆ ಅವನ ತಲೆಯ ಮೇಲೆ, ಪಕ್ಕದ ಮರಕ್ಕೆ ಸಿಕ್ಕಿಕೊಂಡಿದ್ದ ಮುರಿದ ಕೊಂಬೆ ಜಾರತೊಡಗಿದ್ದನ್ನು ಕಂಡವಳು, ಹಿಂದೆ ಹಗ್ಗ ಹಿಡಿದು ನಿಂತಿದ್ದ ಅವಳು. ಮಷಿನ್ ಆಗ ಬರೀ ಗುರುಗುಟ್ಟುತ್ತಿತ್ತು, ಕೊಯ್ಯುತ್ತಿರಲಿಲ್ಲ. ಗಂಟಲು ಹರಿಯುವಂತೆ ಕೂಗಿದಳು. ರಸ್ತೆಯಾಚೆಯ ಅಂಗಡಿಯವನು ತಿರುಗಿ ನೋಡಿದ, ಇವನು ನೋಡಲಿಲ್ಲ. ಸುತ್ತಿ ಬಳಸಿ ಎದುರಿಗೆ ಹೋಗಲು ಪುರುಸೊತ್ತೆಲ್ಲಿ? ಓಡಿ ಹೋಗಿ ಹೆಗಲು ಹಿಡಿದು ಎಳೆದಳು. ಬೆಚ್ಚಿಬಿದ್ದವನ ಬೆರಳು ಮಷಿನ್ನಿನ ಗುಂಡಿ ಒತ್ತಿತು, ಹಾಗೇ ತಿರುಗಿದ, ಚೈನು ಅವಳ ಕೈಗೆ ತಾಗಿತು. ಅವನು ನಿಂತಿದ್ದ ಜಾಗಕ್ಕೆ ಕೊಂಬೆ ಬಿತ್ತು. ಆ ಕೊಂಬೆ ಮಾತ್ರ ಪಾಠದಲ್ಲಿ ಬರುತ್ತಲೇ ಇರಲಿಲ್ಲ.

ಅವನ ಕಿವಿ ಹೋಗಿ ಎರಡು ವರ್ಷವಾಗಿತ್ತು. ಕಿವಿ ಮುಚ್ಚಿಕೊಳ್ಳಲೆಂದು ಕಂಟ್ರಾಕ್ಟರ್ ಕೊಡಿಸಿದ್ದ ದಪ್ಪ ಹೆಡ್‌ಫೋನಿನಂಥದ್ದು ಮೊಳೆಗೆ ನೇತಾಡುತ್ತ ಧೂಳು ಹಿಡಿದಿತ್ತು. ಮರ ಬಿರಿಯುವ ಸದ್ದು ಕೇಳದೆ ಮರ ಕೊಯ್ಯುವುದು ಹೇಗೆ ಎಂದು ಅವನ ವಾದ. ಈಗ ಅದೂ ಕೇಳುತ್ತಿರಲಿಲ್ಲ. ಕಿವಿ ಕೇಳದ್ದನ್ನು ಮುಚ್ಚಿಡುವ ವಿದ್ಯೆಯನ್ನು ಮಾತ್ರ ಚೆನ್ನಾಗಿ ಕಲಿತಿದ್ದ. ಮಾತೆಲ್ಲ ತಾನೇ ಆಡುವುದು, ಎದುರಿನವರ ತುಟಿ ನೋಡುವುದು, ಅವರು ನಕ್ಕರೆ ನಗುವುದು. ಉಳಿದದ್ದಕ್ಕೆ ಅವಳಿದ್ದಳು. ಯಾರು ಏನು ಕೇಳಿದರೂ ಮುಂದೆ ಬಿದ್ದು ಉತ್ತರ ಕೊಟ್ಟು ಕೊಟ್ಟು ಬಾಯಿಬಡುಕಿ ಎಂಬ ಹೆಸರನ್ನು ಪುಕ್ಕಟೆ ಗಳಿಸಿದ್ದಳು.

“ಆಗಿದ್ದು ಆಗೋಯ್ತು ಬಿಡಿ ಮೇಸ್ತ್ರಿ,” ಎಂದ ಕಂಟ್ರಾಕ್ಟರ್. “ನಾಳೆ ಶಾಲೆ ಹಿಂದಿನ ಮರ ಬೀಳಲೇಬೇಕು. ಅಕ್ಕನ ಕೈ ವಾಸಿಯಾಗೋವರೆಗೂ ಅವರ ತಮ್ಮನ್ನ ಕರ್ಕೊಳ್ಳಿ. ಹಗ್ಗ ಹಿಡಿಯೋಕೆ ಜನ ಬೇಕಲ್ಲ.”

ಗಂಡ ಅವನ ತುಟಿಯಿಂದ ಕಣ್ಣು ಕೀಳಲಿಲ್ಲ. “ಬರಲಿ, ಬರಲಿ. ಅವನಿಗೂ ಮೊದಲು ಇದೇ ಪಾಠ!”

ತಮ್ಮನಿಗೆ ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಕ್ಕ ಬಾ ಎಂದರೆ ಯಾಕೆ ಎಂದು ಕೇಳದೆ ಬರುವವನು.

ಅವಳು ಯಾವಾಗಲೂ ಗಂಡನಿಗೆ ಕಾಣುವಂತೆ ಮುಖ ಎತ್ತಿ ಮಾತಾಡುತ್ತಿದ್ದಳು. ಇವತ್ತು ತಲೆ ತಗ್ಗಿಸಿದಳು.

“ಸಾರ್, ಇವರಿಗೆ ಕಿವಿ ಕೇಳಲ್ಲ.” ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. “ನಾನು ಕೂಗಿದೆ. ಎಷ್ಟು ಕೂಗಿದೆ ಅಂತ ಆ ಅಂಗಡಿಯವರನ್ನ ಕೇಳಿ. ಇನ್ಮೇಲೆ ಇವರ ಕೈಗೆ ಮಷಿನ್ ಕೊಡಬೇಡಿ. ನನ್ನ ತಮ್ಮನ್ನ ನಾನು ಕಳಿಸಲ್ಲ. ನೀವು ಬೇರೆಯವರ ತಮ್ಮನ್ನೂ ಕಳಿಸಬೇಡಿ.”

ಕಂಟ್ರಾಕ್ಟರ್ ಹಿಡಿದಿದ್ದ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವನು ಗಂಡನ ಕಡೆ ನೋಡಿದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿದ್ದ ಗಂಡ, ತಗ್ಗಿದ ಅವಳ ತಲೆ ನೋಡಿ ಸಮಾಧಾನದಿಂದ ಗೋಣು ಆಡಿಸಿದ.

“ನೋಡಿದ್ರಾ, ಅವಳೇ ಒಪ್ಕೊಂಡ್ಲು. ಬೈಬೇಡಿ ಸಾರ್, ಪಾಪ, ನೋವು ತಿಂದಿದಾಳೆ.”

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಗಂಡನ ಅನ್ನವನ್ನು ಅವನ ಎದುರಿಗೇ ಕೂತು ಕಿತ್ತುಕೊಂಡಿದ್ದಳು, ಅವನಿಗೆ ತಿಳಿಯದ ಹಾಗೆ. ಇಂಥ ಕಳ್ಳತನ ಮಾಡಿಸಿದ ಅವನ ಹಟದ ಮೇಲೆ ಸಿಟ್ಟೂ ಬಂತು.

ಕಂಟ್ರಾಕ್ಟರ್ ಲೋಟ ಕೆಳಗಿಟ್ಟು ಎದ್ದ. ಮಷಿನ್ನನ್ನೂ ಪೆಟ್ರೋಲ್ ಡಬ್ಬಿಯನ್ನೂ ಎತ್ತಿಕೊಂಡ.

“ಸರ್ವೀಸಿಗಾ? ಒಳ್ಳೇದಾಯ್ತು,” ಎಂದ ಗಂಡ. “ಚೈನು ಸ್ವಲ್ಪ ಮೊಂಡಾಗಿದೆ. ಬೆಳಿಗ್ಗೆ ಹೊತ್ತಿಗೆ ಕಳಿಸ್ಬಿಡಿ.”

ಕಂಟ್ರಾಕ್ಟರ್ ಅವಳತ್ತ ನೋಡಿದ. ಮುಂದೆ ಬಿದ್ದು ಉತ್ತರ ಕೊಡುವವಳು ಇವತ್ತು ಬಾಯಿ ತೆರೆಯಲಿಲ್ಲ.

ಅವನು ಹೊರಗೆ ಹೋದ ಮೇಲೆ ಗಂಡನಿಗೆ ಏನೋ ನೆನಪಾಗಿ ಒಳಗಿನಿಂದ ಚೈನಿನ ಪ್ಲಾಸ್ಟಿಕ್ ಕವರ್ ತಂದು ಗಾಡಿಯ ಬಳಿ ಓಡಿದ. “ಹೀಗೆ ಬರೀ ಚೈನು ಇಟ್ಕೊಂಡು ಹೋಗ್ತಾರಾ ಸಾರ್? ಯಾರದಾದ್ರೂ ಕೈ ಕುಯ್ದೀತು!” ಎಂದು ಬೈದು, ಕವರನ್ನು ಕೊನೆಯವರೆಗೂ ತಳ್ಳಿ, ಬಿಗಿಯಾಯಿತೇ ಎಂದು ಎಳೆದು ನೋಡಿದ. ಡಬ್ಬಿ ಉರುಳದಂತೆ ಪಕ್ಕಕ್ಕೆ ಗೋಣಿಚೀಲ ತುರುಕಿದ. ಆಮೇಲೆ ಗಾಡಿಯ ಬೆನ್ನು ತಟ್ಟಿ, ಹೊರಡಿ ಎಂದು ಕೈ ಬೀಸಿದ.